ಬ್ಯಾರನ್ನಿಗೆ ಇಟ್ಟ ಜರ್ಮನ್ ಪೆಟ್ಟಿಗೆ

ಆ ಪೆಟ್ಟಿಗೆಯನ್ನು ಕೊಂದವಳು ನಾನು. ಮಳೆಯಲ್ಲ, ಹುಡುಗಿಯಲ್ಲ, ಪೆಟ್ಟಿಗೆಗೆ ವಯಸ್ಸಾಗಿತ್ತು ಎಂಬುದೂ ಅಲ್ಲ. ನನ್ನ ಎರಡು ಕೈಯಿಂದ ಎತ್ತಿಕೊಂಡು ಹೋಗಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಳಗೆ ಇಟ್ಟೆ. ಮರೆತು ಬಿಟ್ಟದ್ದೂ ಅಲ್ಲ. ನಡುವೆ ಒಮ್ಮೆ ಹೋಗಿ ಮುಟ್ಟಿ ನೋಡಿ, ಇನ್ನೊಂದು ಗಂಟೆ ಇರಲಿ ಎಂದು ಬಾಗಿಲು ಹಾಕಿಕೊಂಡು ಬಂದೆ. ಊರಿನವರು, ನೆಂಟರು ಇವತ್ತಿಗೂ ತಿಳಿದಿರುವುದು ಬೇರೆ. ಹುಡುಗಿ ಕೆಡಿಸಿದಳು ಎಂದು ತಿಳಿದಿದ್ದಾರೆ. ಅವರು ಹಾಗೆ ತಿಳಿಯುವಂತೆ ಬಿಟ್ಟವಳೂ ನಾನೇ.

ಹುಡುಗಿ ಎಂದರೆ ನನ್ನ ಮಗನ ಮಗಳು. ಆಗ ಎಂಟನೇ ಕ್ಲಾಸು. ನಮ್ಮದು ಪಿರಿಯಾಪಟ್ಟಣ ತಾಲ್ಲೂಕು, ಹಾರನಹಳ್ಳಿ ಹೋಬಳಿಯ ಒಂದು ಹಳ್ಳಿ. ಮಳೆ ನಂಬಿದ ಹೊಲ. ಹೊಗೆಸೊಪ್ಪು, ರಾಗಿ, ಒಂದಿಷ್ಟು ಮುಸುಕಿನ ಜೋಳ. ನಾನು ಹುಟ್ಟಿದ್ದು ಮಾತ್ರ ಕೆ.ಆರ್. ನಗರದ ಆಚೆ ಮಿರ್ಲೆಯಲ್ಲಿ, ನಾಲೆ ನೀರಿನ ಗದ್ದೆ ಸೀಮೆಯಲ್ಲಿ. ಅಲ್ಲಿ ನನ್ನ ತಮ್ಮನಿದ್ದ. ಅವನು ನಾಟಕದ ಮೇಷ್ಟ್ರು. ನಮ್ಮ ಕಡೆ ಊರಿನ ಗಂಡಸರು ಸೇರಿ ಪೌರಾಣಿಕ ನಾಟಕ ಆಡುತ್ತಾರಲ್ಲ, ಅವರಿಗೆ ಮಾತು, ಪದ್ಯ, ನಡಿಗೆ ಎಲ್ಲ ಕಲಿಸಿ, ಆಡುವ ದಿನ ಪರದೆಯ ಪಕ್ಕ ಕೂತು ಹಾರ್ಮೋನಿಯಂ ನುಡಿಸುವವನೇ ಮೇಷ್ಟ್ರು. ಕೆ.ಆರ್. ನಗರದಿಂದ ಎಚ್.ಡಿ. ಕೋಟೆಯವರೆಗೆ ಎಷ್ಟು ಊರಿನಲ್ಲಿ ನಾಟಕ ಆಡಿಸಿದ್ದನೋ ಅವನಿಗೇ ನೆನಪಿರಲಿಲ್ಲ.

ನಾನು ಹೇಳುತ್ತಿರುವ ಪೆಟ್ಟಿಗೆ ಅವನ ಹಾರ್ಮೋನಿಯಂ ಅಲ್ಲ. ಅದರ ಜೊತೆಗೆ ಇನ್ನೊಂದಿತ್ತು. ಎದೆಗೆ ಆನಿಸಿಕೊಂಡು, ಎರಡು ಕೈಯಲ್ಲೂ ಹಿಡಿದು, ಎಳೆದು ಒತ್ತುವ ಜರ್ಮನ್ ಪೆಟ್ಟಿಗೆ. ಹರೆಯದಲ್ಲಿ ಅವನು ಕೊಡಗಿನ ಒಂದು ಕಾಫಿ ತೋಟದಲ್ಲಿ ಕೆಲಸಕ್ಕಿದ್ದ. ತೋಟ ಕೈ ಬದಲಾಗಿ ಬಂಗಲೆ ಖಾಲಿ ಮಾಡುವಾಗ ಮುರಿದ ಕುರ್ಚಿ, ಒಡೆದ ದೀಪಗಳ ಜೊತೆ ಇದನ್ನೂ ಅಂಗಳಕ್ಕೆ ಬಿಸಾಡಿದ್ದರಂತೆ. ಕೇಳಿ ತಂದ. ಕರಿ ಬಣ್ಣದ ಮರ, ಅಂಚಿಗೆ ಹಿತ್ತಾಳೆ ಹೂವು, ಮುಂದುಗಡೆ ಅರ್ಧ ಅಳಿಸಿಹೋದ ಅಕ್ಷರ. ಜರ್ಮನಿಯಲ್ಲಿ ಮಾಡಿದ್ದು ಎಂದು ಬರೆದಿದೆ ಅಂತ ಅವನೇ ಅಕ್ಷರ ಕೂಡಿಸಿ ಓದಿದ್ದು. ನಿನಗಿಂತ ದೊಡ್ಡದು ಕಣಕ್ಕ ಇದು, ಅನ್ನುತ್ತಿದ್ದ. ಇದ್ದರೂ ಇರಬಹುದು. ನನ್ನ ಹಾಗೇ ಅದಕ್ಕೂ ಕೀಲು ಕೀಲಿಗೆ ಗಾಳಿ ಹೊಕ್ಕಿತ್ತು.

ಬಲಗೈ ಕಡೆ ಹತ್ತು ಗುಂಡಿ. ಎಡಗೈ ಕಡೆ ಚಮಚದ ಹಾಗೆ ಬಗ್ಗಿದ ಎರಡು ಕೀಲಿ, ಅವು ಹಿಂದಿನಿಂದ ಗುಂಯ್ ಅನ್ನಲಿಕ್ಕೆ ಮಾತ್ರ. ಮೇಲೆ ನಾಲ್ಕು ಮರದ ಮೊಗ್ಗು; ಎಳೆದರೆ ದನಿ ದೊಡ್ಡದಾಗುತ್ತದೆ, ಅದುಮಿದರೆ ಸಣ್ಣದಾಗುತ್ತದೆ. ನಡುವೆ ಮಡಿಕೆ ಮಡಿಕೆಯಾದ ತಿದಿ. ಒಂದೇ ಗುಂಡಿ ತಿದಿಯನ್ನು ಒತ್ತುವಾಗ ಒಂದು ಸ್ವರ ಕೊಡುತ್ತದೆ, ಎಳೆಯುವಾಗ ಇನ್ನೊಂದು. ಒತ್ತಿದರೆ ಸ, ಎಳೆದರೆ ರಿ. ಪಕ್ಕದ ಗುಂಡಿ ಒತ್ತಿದರೆ ಗ, ಎಳೆದರೆ ಮ. ಇದಿಷ್ಟು ನಾನು ಕಲಿತದ್ದಲ್ಲ, ಕೇಳಿ ಕೇಳಿ ಕಿವಿಗೆ ಬಿದ್ದದ್ದು.

ನಾಟಕದ ಪದ ಇದರಲ್ಲಿ ಬರುವುದಿಲ್ಲ. ಅದಕ್ಕೆ ಬೇಕಾದ ಎಷ್ಟೋ ಸ್ವರ ಇದರೊಳಗೆ ಇಲ್ಲವೇ ಇಲ್ಲ. ಆದರೂ ತಮ್ಮನ ಹತ್ತಿರ ಕಲಿಯಲು ಬಂದವನು ಯಾರೇ ಆಗಲಿ ಮೊದಲು ಈ ಜರ್ಮನ್ ಪೆಟ್ಟಿಗೆ ಹಿಡಿಯಬೇಕಿತ್ತು. ಅದು ಅವನ ಕಟ್ಟಳೆ. ಒಂದು ಪೂರ್ತಿ ಪದವನ್ನು ಎಲ್ಲೂ ಉಸಿರು ಕಡಿಯದೆ ಇದರಲ್ಲಿ ನುಡಿಸಿ ತೋರಿಸುವ ತನಕ ಹಾರ್ಮೋನಿಯಂ ಮೇಲಿನ ಟವಲನ್ನು ಸರಿಸಲು ಬಿಡುತ್ತಿರಲಿಲ್ಲ. ಯಾಕ್ಲಾ ಇಂಗೆ ಎಂದು ನಾನೇ ಒಮ್ಮೆ ಕೇಳಿದ್ದೆ.

“ಆರ್ಮೋನೀಲಿ ಕಲಿಯೋನು ಮೊದಲ್ನೇ ದಿನಾನೇ ತಪ್ಪು ಸ್ವರದ ಮನೆ ಮೇಲೆ ಬೆರಳಿಟ್ಟು ಎದರ್ಕತಾನೆ ಕಣಕ್ಕ. ಇದ್ರಲ್ಲಿ ತಪ್ಪು ಮನೇನೇ ಇಲ್ಲ. ಎಲ್ಲಿ ಒತ್ತುದ್ರೂ ಏಳು ಸ್ವರದೊಳಗೇ ಬೀಳ್ತಾನೆ. ಆಮೇಲೆ, ತಿದಿ ಮುಗುದ್ರೆ ಪದ ಮುಗೀತು. ಎಷ್ಟು ಎಳುದ್ರೆ ಎಷ್ಟು ಉಳೀತದೆ ಅಂತ ಮೈಗೇ ಗೊತ್ತಾಯ್ತದೆ. ಮಗೀಗೆ ಮೂರುಗಾಲಿ ಬಂಡಿ ಕೊಡಲ್ವಾ ನಡೆಯೋಕೆ, ಅಂಗೆ.”

ಮೂರುಗಾಲಿ ಬಂಡಿ ಎಂದು ಅವನು ಹೇಳಿದ್ದು ಸರಿ. ಆದರೆ ಆ ಬಂಡಿಯ ಒಂದು ಗಾಲಿ ಸವೆದಿತ್ತು ಎಂಬುದನ್ನು ಅವನು ಒಪ್ಪುತ್ತಿರಲಿಲ್ಲ.

ಕೊನೆ ಕೊನೆಗೆ ತಮ್ಮನ ಕೈ ನಡುಗತೊಡಗಿತು. ಇನ್ನು ಪರದೆಯ ಪಕ್ಕ ಕೂರಲಾರೆ, ಹಾರ್ಮೋನಿಯಂ ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದ. ಅವನ ಗಂಡುಮಕ್ಕಳಿಗೆ ಅದು ಬೇಕಿರಲಿಲ್ಲ. ಆಗ ಕಲಿಯುತ್ತಿದ್ದವರು ಇಬ್ಬರೇ. ಒಬ್ಬನು ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟಿನಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದವನು, ಮೂವತ್ತು ದಾಟಿದವನು. ಇನ್ನೊಬ್ಬಳು ನನ್ನ ಮೊಮ್ಮಗಳು. ಪೆಟ್ಟಿಗೆ ಹದಿನೈದು ದಿನ ಅವನ ಅಂಗಡಿಯಲ್ಲಿ, ಹದಿನೈದು ದಿನ ನಮ್ಮ ಮನೆಯಲ್ಲಿ. ಒಂದು ಭಾನುವಾರ ಗೊತ್ತುಮಾಡಿದ. ಅವತ್ತು ನಾಟಕ ಆಡುವ ಹಿರಿಯರಿಬ್ಬರನ್ನು ಕೂರಿಸಿಕೊಂಡು ಇಬ್ಬರದೂ ಕೇಳುತ್ತೇನೆ, ಉಸಿರು ಕಡಿಯದೆ ನುಡಿಸಿದವರಿಗೆ ಹಾರ್ಮೋನಿಯಂ ಎಂದ. ಇಬ್ಬರೂ ನುಡಿಸಿದರೆ? ಆವಾಗ ಹುಡುಗಿಗೆ, ಅವಳಿಗೆ ಮುಂದೆ ದಿನ ಜಾಸ್ತಿ ಇದೆ ಎಂದ. ಪಂಕ್ಚರಿನವನೂ ಅದಕ್ಕೆ ಆಗಲಿ ಎಂದಿದ್ದ.

ನಮ್ಮ ಮನೆಯಲ್ಲಿ ಇದು ಅಷ್ಟು ಸಲೀಸಾಗಿರಲಿಲ್ಲ. ಸೊಸೆ ಮುಖ ಸೊಟ್ಟಗೆ ಮಾಡಿಕೊಂಡೇ ಇದ್ದಳು.

“ನಾಟ್ಕದೋರ ಮನೆ ಅಂದ್ರೆ ನಾಳೆ ಯಾವನಾದ್ರೂ ಎಣ್ಣು ಕೇಳಕ್ಕೆ ಬತ್ತಾನಾ ಅತ್ತೆ?”

“ನೀನು ಈ ಮನೆಗೆ ಬಂದಾಗ ನನ್ನ ತಮ್ಮ ನಾಟ್ಕ ಆಡಿಸ್ತಿರ್ನಿಲ್ವಾ? ನೀನ್ ಬಂದ್ಯಲ್ಲ.”

“ನಮ್ಮಪ್ಪನಿಗೆ ಅದು ಗೊತ್ತಿರ್ನಿಲ್ಲ.”

“ಗೊತ್ತಿದ್ರೆ ನಿಮ್ಮಪ್ಪ ಮುಂದ್ಗಡೆ ಚಾಪೆ ಆಕ್ಕಂಡು ಕೂತಿರೋನು.”

ಮಗ ಜಗಳಕ್ಕೆ ಬರಲಿಲ್ಲ. ಅವನು ಒಂದೇ ಮಾತು ಹೇಳಿದ. “ಮಾವ ಆರ್ಮೋನಿ ಇವಳ ಕೈಗೆ ಕೊಟ್ರೆ ಕಲೀಲಿ. ನಾನು ಅಡ್ಡ ಬರಲ್ಲ, ನಾನೇ ಮಿರ್ಲೆ ತಂಕ ಬಿಟ್ಬತ್ತೀನಿ. ಕೊಡ್ನಿಲ್ವಾ, ಅಲ್ಲಿಗೆ ಮುಗೀತು. ಮಿರ್ಲೆ ಬಸ್ಸೂ ಹತ್ತಂಗಿಲ್ಲ, ಪೆಟ್ಟಿಗೇನೂ ಮುಟ್ಟಂಗಿಲ್ಲ.” ಅವನು ಕೆಟ್ಟವನಲ್ಲ. ಮಾತು ಕೊಟ್ಟರೆ ಉಳಿಸಿಕೊಳ್ಳುತ್ತಾನೆ, ಎರಡು ಕಡೆಗೂ. ಆದ್ದರಿಂದ ಆ ಭಾನುವಾರದ ಮೇಲೆ ಹುಡುಗಿಯದು ಎಲ್ಲ ನಿಂತಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಯಾರೂ ನನ್ನ ಪರವಾಗಿ ಹೇಳುವುದು ಬೇಡ.

ಸಂಗೀತ ಒಳ್ಳೆಯದೋ ಕೆಟ್ಟದ್ದೋ ನಾನು ಹೇಳಲಾರೆ. ಆ ಹುಡುಗಿ ಓದಿನಲ್ಲಿ ಹಿಂದೆ, ಮನೆಗೆಲಸದಲ್ಲಿ ಇನ್ನೂ ಹಿಂದೆ. ಹೇಳಿದ್ದು ಒಂದು, ಮಾಡುವುದು ಇನ್ನೊಂದು. ಪೆಟ್ಟಿಗೆ ಹಿಡಿದಾಗ ಮಾತ್ರ ಹಾಗಲ್ಲ. ಹೊಗೆಸೊಪ್ಪಿನ ಅಂಟು ಬೆರಳಿಗೆ ಹತ್ತಿದರೆ ಸುಲಭಕ್ಕೆ ಹೋಗುವುದಿಲ್ಲ, ಕರ್‍ರಗೆ ಪದರ ಕಟ್ಟುತ್ತದೆ. ಸ್ನಾನಕ್ಕೇ ಕಳ್ಳ ಬೀಳುವವಳು ಪೆಟ್ಟಿಗೆ ಮುಟ್ಟುವ ಮುಂಚೆ ಸೀಮೆಎಣ್ಣೆ ಹಚ್ಚಿ, ಬೂದಿಯಲ್ಲಿ ಉಜ್ಜಿ, ಸೋಪು ಹಾಕಿ ತೊಳೆದು, ಮೂಸಿ ನೋಡಿಕೊಂಡು ಕೂರುತ್ತಿದ್ದಳು. ನಾನು ಅದನ್ನು ನೋಡಿ, ಸರಿ, ಇದೊಂದಾದರೂ ಇರಲಿ ಎಂದುಕೊಂಡೆ.

ಅವಳು ವಾರಗಟ್ಟಲೆ ಒಂದು ಕಡೆ ಎಡವುತ್ತಿದ್ದಳು. ಸ ಒತ್ತು, ರಿ ಎಳೆ, ಗ ಒತ್ತು, ಮ ಎಳೆ, ಪ ಒತ್ತು, ದ ಎಳೆ. ಅಲ್ಲಿಯವರೆಗೆ ಒಂದು ಒತ್ತು ಒಂದು ಎಳೆತ. ಆಮೇಲೆ ನಿ ಬರುತ್ತದೆ, ಅದನ್ನೂ ಎಳೆಯಬೇಕು. ಎಳೆದ ಮೇಲೆ ಮತ್ತೆ ಎಳೆತ. ಕೈ ಅಭ್ಯಾಸಕ್ಕೆ ಒತ್ತಿಬಿಡುತ್ತದೆ, ಪದ ಅಡ್ಡದಾರಿ ಹಿಡಿಯುತ್ತದೆ. ಕಲಿಯಲು ಬಂದವರೆಲ್ಲ ಬೀಳುವುದು ಆ ತಿರುವಿನಲ್ಲೇ ಎಂದು ತಮ್ಮ ಹೇಳಿದ್ದ. ಇವಳು ಬಿದ್ದು ಬಿದ್ದು ಅಳುತ್ತಿದ್ದಳು.

ನಾನು ಅವಳಿಗೆ ಕಲಿಸಿದ್ದು ಒಂದೇ ಒಂದು. ನಾವು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವುದು ದಾರದಲ್ಲಿ, ಮೂರು ಮೂರು ಎಲೆ. ಒಂದು ಕಟ್ಟು ಈ ಕಡೆ, ಒಂದು ಆ ಕಡೆ. ಈ ಕಡೆ, ಆ ಕಡೆ. ಕಡ್ಡಿ ಮುಗಿಯುವಲ್ಲಿ ಮಾತ್ರ ಎರಡು ಕಟ್ಟು ಒಂದೇ ಕಡೆ ಹಾಕಿ ಬಿಗಿಯುತ್ತೇವೆ. ಇಲ್ಲದಿದ್ದರೆ ದಾರ ಜಾರಿ ಎಲ್ಲ ಸಡಿಲವಾಗುತ್ತದೆ. ಎಲೆ ಕೊಡುತ್ತ ಕೂತಿದ್ದವಳಿಗೆ ಅಂದೆ, “ಅಳಬ್ಯಾಡ ಕತ್ತೆ. ಕಡ್ಡಿ ಮುಗಿಯಾಗ ಏನ್ ಮಾಡ್ತೀವಿ? ಎರಡು ಒಂದೇ ಕಡೆ. ಅದೂ ಅಂಗೇ ಅಂದ್ಕೊ.” ಅವಳು ಎಲೆ ಹಿಡಿದುಕೊಂಡೇ ಕಣ್ಣೊರೆಸಿಕೊಂಡಳು. ಬಾಯಲ್ಲಿ ಏನೋ ಎಣಿಸಿದಳು. ಎದ್ದು ಹೋಗಿ ಕೈ ತೊಳೆದಳು. ಅವತ್ತು ಸಂಜೆ ತಿರುವಿನಲ್ಲಿ ಬೀಳಲಿಲ್ಲ. ಆಮೇಲೆ ಎಂದೂ ಬೀಳಲಿಲ್ಲ.

ಆದರೂ ಹಳೆಯ ಪೆಟ್ಟಿಗೆ ಕಲಿಯುವವರಿಗೆ ಒಳ್ಳೆಯದು ಎನ್ನುವ ತಮ್ಮನ ಮಾತನ್ನು ನಾನು ಈಗ ಒಪ್ಪುವುದಿಲ್ಲ. ತಿದಿಯ ಮೂಲೆ ಮೂಲೆಯಲ್ಲೂ ಗಾಳಿ ಸೋರುತ್ತಿತ್ತು. ಪಂಕ್ಚರಿನವನು ಸೈಕಲ್ ಟ್ಯೂಬಿಗೆ ಹಾಕುವ ಅಂಟು ಹಾಕಿ, ಬಟ್ಟೆ ಹಚ್ಚಿ ಕೂರಿಸಿದ್ದ. “ಮೇಷ್ಟ್ರೆ, ಇದು ಪೆಟ್ಟಿಗೆಯಲ್ಲ, ಲಾರಿ ಟೈರು. ನಾನಿಲ್ದಿದ್ರೆ ನೀವು ರೋಡಲ್ಲೇ ನಿಂತಿರ್ತಿದ್ರಿ,” ಅನ್ನುತ್ತಿದ್ದ. ಒಂದು ಗುಂಡಿ ಒತ್ತಿದ್ದು ಏಳುತ್ತಿರಲಿಲ್ಲ, ಉಗುರಿನಿಂದ ಕೀಳಬೇಕು. ಮೇಲಿನ ಸ ಎರಡು ದನಿಯಲ್ಲಿ ಅಳುತ್ತಿತ್ತು. ಹುಡುಗಿ ಅಪ್ಪನ ಫೋನಿನಲ್ಲಿ ಇಂಥ ಪೆಟ್ಟಿಗೆಗಳನ್ನು ಹೊರದೇಶದವರು ನುಡಿಸುವುದನ್ನು ನೋಡುತ್ತಿದ್ದಳು. ಒಂದು ದಿನ ನನಗೆ ಹೇಳಿದಳು, “ಅಜ್ಜಿ, ಹೊಸಬ್ರಿಗೆ ಹಳೇ ಪೆಟ್ಟಿಗೆ ಕೊಡಬಾರದಂತೆ. ಸರಿಯಾಗಿ ಬರ್ದೆ ಇದ್ರೆ ತಪ್ಪು ನನ್ನದಾ, ಪೆಟ್ಟಿಗೇದಾ ಅಂತ ಗೊತ್ತಾಗಲ್ವಂತೆ. ನನ್ನದೇ ಅನ್ಕಂಬುಡ್ತೀವಂತೆ.”

“ನಿನ್ನದೇ ಇರ್ತದೆ ಬುಡು,” ಎಂದೆ ನಾನು.

ಭಾನುವಾರಕ್ಕೆ ಮೂರು ದಿನ ಮುಂಚೆ ಸ್ಕೂಲಿನ ಟೀಚರು ಪೆಟ್ಟಿಗೆ ತಂದು ಒಮ್ಮೆ ನುಡಿಸಿ ತೋರಿಸು ಎಂದರು ಅಂತ ಹೊತ್ತುಕೊಂಡು ಹೋದಳು. ಬರುವಾಗ ಮಳೆ. ಗೊಬ್ಬರದ ಚೀಲ ಸುತ್ತಿ ಎದೆಗೆ ಅವುಚಿಕೊಂಡು ಓಡಿ ಬಂದಿದ್ದಳು. ತಾನು ಪೂರ್ತಿ ನೆಂದಿದ್ದಳು. ಪೆಟ್ಟಿಗೆಯೂ ಒಂದು ಮಗ್ಗುಲು ನೆಂದಿತ್ತು. ಮಾರನೇ ದಿನ ಮರ ಉಬ್ಬಿ ಮೂರು ಗುಂಡಿ ಕಚ್ಚಿಕೊಂಡವು, ತಿದಿಯ ಚರ್ಮ ಮೆತ್ತಗಾಗಿ ಮುಗ್ಗುಲು ವಾಸನೆ ಹೊಡೆಯಿತು, ದನಿ ನೆಗಡಿ ಹಿಡಿದವರ ಹಾಗೆ ಆಯಿತು. ಹುಡುಗಿ ಅದನ್ನು ಒಲೆ ಇರುವ ಕೋಣೆಯ ಮೂಲೆಯಲ್ಲಿ, ಒಲೆಗೆ ದೂರವಾಗಿ, ಮಣೆಯ ಮೇಲೆ ಇಟ್ಟಳು. ಹಾಗೇ ಗಾಳಿಗೆ ಆರಲಿ ಎಂದು ಅವಳ ತಾತ, ಅಂದರೆ ನನ್ನ ತಮ್ಮ, ಫೋನಿನಲ್ಲಿ ಹೇಳಿದ್ದ.

“ಒಳಗೆ ಮೇಣ ಆಕಿ ಸ್ವರ ಬರೋ ರೀಡು ಕೂರ್ಸವ್ರೆ ಅಜ್ಜಿ. ಬಿಸ್ಲಲ್ ಇಡಬಾರ್ದು ಅಂದವ್ರೆ ತಾತ,” ಎಂದು ನನಗೂ ಹೇಳಿದಳು. ಹೇಳಿದ್ದಳು. ಇದನ್ನು ಬರೆಯಲೇಬೇಕು.

ಬ್ಯಾರನ್ ಎಂದರೆ ಗೊತ್ತಿಲ್ಲದವರಿಗೆ ಒಂದು ಮಾತು. ಎತ್ತರದ ನಾಲ್ಕು ಗೋಡೆ, ಒಳಗೆ ಸಾಲು ಸಾಲು ತೊಲೆ, ತೊಲೆಗಳ ಮೇಲೆ ಹಸಿ ಸೊಪ್ಪು ಕಟ್ಟಿದ ಕಡ್ಡಿಗಳು. ಒಲೆ ಹೊರಗೆ. ಒಳಗೆ ನೆಲದ ಮೇಲೆ ದಪ್ಪ ತಗಡಿನ ಕೊಳವೆ ಸುತ್ತಿ ಬರುತ್ತದೆ. ಬೆಂಕಿ, ಹೊಗೆ ಎರಡೂ ಕೊಳವೆಯೊಳಗೇ ಹೋಗುತ್ತವೆ, ಸೊಪ್ಪಿಗೆ ತಾಗುವುದು ಬರಿ ಕಾವು. ಮೊದಲು ಸೊಪ್ಪು ಹಳದಿಯಾಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ಕಾವು ಏರಿಸಿ ದಂಟು ಒಣಗಿಸಬೇಕು. ಹೊಗೆಸೊಪ್ಪು ಬೇಯುವ ತಿಂಗಳುಗಳೆಲ್ಲ ಮಳೆಯ ತಿಂಗಳುಗಳೇ. ಆಗ ನಮ್ಮ ಮನೆಗೆ ಬ್ಯಾರನ್ನೇ ಬಿಸಿಲು. ನೆಂದ ಕಂಬಳಿ, ಸ್ಕೂಲು ಚೀಲ, ಮೆಣಸಿನಕಾಯಿ, ಕೊಬ್ಬರಿ ಎಲ್ಲ ಅಲ್ಲೇ ಒಣಗುವುದು. ಆ ಹುಡುಗಿ ಹುಟ್ಟಿದಾಗ ಅವಳ ಬಟ್ಟೆ ಒಣಗಿದ್ದೂ ಅಲ್ಲೇ. ಯಾವುದೂ ಕೆಟ್ಟಿರಲಿಲ್ಲ.

ಶನಿವಾರ ಬೆಳಿಗ್ಗೆ ಹುಡುಗಿ ಸ್ಕೂಲಿಗೆ ಹೋದಳು. ಮಗ ಸೌದೆಗೆ ಹೋಗಿದ್ದ. ಬ್ಯಾರನ್ನಿನಲ್ಲಿ ದಂಟು ಒಣಗುವ ಕಾವು. ಒಳಗಿನ ಥರ್ಮಾಮೀಟರನ್ನು ಹೊರಗಿನಿಂದಲೇ ನೋಡಲು ಒಂದು ಗಾಜಿನ ಕಿಂಡಿ ಇದೆ. ನಾನು ಮೂರನೇ ಕ್ಲಾಸಿನವರೆಗೆ ಓದಿದವಳು. ಅಂಕಿ ಓದಲು ಅಷ್ಟು ಸಾಕು. ಜ್ವರ ನೋಡುವ ಲೆಕ್ಕದಲ್ಲಿ ನೂರಾ ಐವತ್ತು ದಾಟಿತ್ತು. ಓದಿದೆ. ಓದಿದ ಮೇಲೂ ಒಳಗೆ ಹೋಗಿ, ಬಾಗಿಲ ಪಕ್ಕ, ಕೊಳವೆಗೆ ದೂರವಾಗಿ ಎರಡು ಇಟ್ಟಿಗೆ ಹಾಕಿ ಪೆಟ್ಟಿಗೆ ಇಟ್ಟೆ. ಬಿಸಿಲು ಬೇರೆ, ಬ್ಯಾರನ್ನಿನ ಕಾವು ಬೇರೆ ಎಂಬುದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಬಿಸಿಲಿಗೆ ಬಣ್ಣ ಹೋಗುತ್ತದೆ, ಮರ ಸೀಳುತ್ತದೆ. ಕಾವು ಹಾಗೆ ಮಾಡುವುದಿಲ್ಲ. ಕಾವು ಬಾಣಂತಿಗೆ ಕೊಡುವಂಥದ್ದು. ಬಿಸಿಲಲ್ಲಿ ಇಡಬಾರದು ಎಂದರು, ಇಡಲಿಲ್ಲ. ಹೀಗೆ ನಡೆಯಿತು ನನ್ನ ಬುದ್ಧಿ.

ಒಂದು ಗಂಟೆ ಬಿಟ್ಟು ಹೋಗಿ ಮುಟ್ಟಿದೆ. ಮರ ಬೆಚ್ಚಗಿತ್ತು, ತೇವ ಆರಿತ್ತು. ಕಚ್ಚಿಕೊಂಡಿದ್ದ ಒಂದು ಗುಂಡಿ ಟಕ್ಕೆಂದು ಎದ್ದಿತು. ಖುಷಿಯಾಯಿತು. ಉಳಿದ ಎರಡೂ ಏಳಲಿ ಎಂದು ಇನ್ನೊಂದು ಗಂಟೆ ಬಿಟ್ಟೆ. ಆಮೇಲೆ ತಂದು ಮೊದಲಿದ್ದ ಮಣೆಯ ಮೇಲೆ, ಮೊದಲಿದ್ದ ಹಾಗೇ ಇಟ್ಟೆ. ನೋಡಲು ಬಹಳ ಚೆನ್ನಾಗಿತ್ತು.

ಮಧ್ಯಾಹ್ನ ಬಂದ ಹುಡುಗಿ ಕೈ ತೊಳೆದುಕೊಂಡು ಎತ್ತಿಕೊಂಡಳು. ಸ ಬಂತು. ರಿ ಬರಲಿಲ್ಲ. ಗ ಬಂತು, ಅದು ಗ ಆಗಿರಲಿಲ್ಲ. ಎಳೆದಳು, ಒತ್ತಿದಳು. ಒಳಗೆ ಏನೋ ಸಣ್ಣದು ಉರುಳಿದ ಸದ್ದು. ಪೆಟ್ಟಿಗೆಯನ್ನು ಮುಖದ ಹತ್ತಿರ ತಂದು ಮೂಸಿದಳು. ಬ್ಯಾರನ್ನಿಗೆ ಹೋಗಿ ಬಂದ ಕಂಬಳಿಯೇ ಆಗಲಿ, ಮೆಣಸಿನಕಾಯಿಯೇ ಆಗಲಿ, ಬೆಂದ ಹೊಗೆಸೊಪ್ಪಿನ ವಾಸನೆ ಹತ್ತಿಸಿಕೊಂಡೇ ಬರುತ್ತದೆ. ಆ ವಾಸನೆಯಲ್ಲಿ ಹುಟ್ಟಿ ಬೆಳೆದವಳು ಅವಳು. ನನ್ನ ಕಡೆ ತಿರುಗಿದಳು.

“ಮಳೇಲಿ ನೆಂದಿತ್ತಲ್ಲ. ನಾಳೆ ಒತ್ಗೆ ಸರಿ ಓಯ್ತದೆ,” ಎಂದೆ.

ಅವಳು ಪೆಟ್ಟಿಗೆಯನ್ನು ಮತ್ತೆ ಮಣೆಯ ಮೇಲೆ ಇಟ್ಟಳು. ಅನ್ನುವ ಕೆಲಸವನ್ನು ಸೊಸೆ ಮಾಡಿದಳು. “ಬ್ಯಾಡ ಬ್ಯಾಡ ಅಂದ್ರೂ ಸ್ಕೂಲಿಗೆ ಮೆರೆಯಕ್ಕೆ ಒತ್ಕಂಡೋದ್ಲು. ನೆನೆಸ್ಕಂಡು ಬಂದ್ಲು. ಅನುಭವಿಸ್ಲಿ.” ಆ ಮಾತು ನನಗೆ ಅನುಕೂಲವಾಯಿತು. ನಾನು ಅದನ್ನು ತಡೆಯಲಿಲ್ಲ.

ಭಾನುವಾರ ಮೂರು ಬಸ್ಸು. ನಮ್ಮೂರಿನಿಂದ ಹುಣಸೂರು, ಹುಣಸೂರಿನಿಂದ ಕೆ.ಆರ್. ನಗರ, ಅಲ್ಲಿಂದ ಮಿರ್ಲೆ. ಹುಡುಗಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗುಂಡಿ ಬಿದ್ದ ರಸ್ತೆಯಲ್ಲಿ ಬಸ್ಸು ಕುಲುಕಿದಾಗಲೆಲ್ಲ ಒಳಗೆ ಗಲ ಗಲ ಅನ್ನುತ್ತಿತ್ತು. ಪ್ರತಿ ಸಲವೂ ಅವಳು ಅದನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿಯುತ್ತಿದ್ದಳು.

ತಮ್ಮನ ಜಗಲಿಯಲ್ಲಿ ಚಾಪೆ ಹಾಸಿತ್ತು. ಹಿರಿಯರಿಬ್ಬರು ಎಲೆ ಅಡಿಕೆ ಹಾಕುತ್ತ ಕೂತಿದ್ದರು. ಹಾರ್ಮೋನಿಯಂ ಟವಲು ಹೊದ್ದು ನಡುವೆ ಇತ್ತು. ಪಂಕ್ಚರಿನವನು ಗಡ್ಡ ಹೆರೆಸಿಕೊಂಡು ಬಿಳಿ ಶರಟು ಹಾಕಿಕೊಂಡು ಬಂದಿದ್ದ.

“ಬಾರವ್ವ, ಇವತ್ತು ನಮ್ಮಿಬ್ರದೂ ಕುಸ್ತಿ,” ಎಂದ ಹುಡುಗಿಗೆ. “ಮೊದ್ಲು ನೀನು ಕೆಡಿಸು. ಆಮೇಲೆ ನಾನು ಕೆಡಿಸ್ತೀನಿ. ಇಬ್ರೂ ಸೇರಿ ಮೇಷ್ಟ್ರನ್ನ ಸಾಯ್ಸಾನ.”

ಹುಡುಗಿ ನಗಲಿಲ್ಲ. ಪೆಟ್ಟಿಗೆಯನ್ನು ತಾತನ ಮುಂದೆ ಇಟ್ಟಳು. ಅವನು ಎತ್ತಿಕೊಂಡ. ಅವನ ಕೈ ನಡುಕಕ್ಕೇ ಅದು ಗಲಗಲಿಸಿತು. ಅವನ ಮುಖ ಇಳಿಯಿತು. ಬಿಚ್ಚಲಾ ಇದನ್ನ ಎಂದ. ಪಂಕ್ಚರಿನವನು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಮೊಳೆ ಮೀಟಿ ಬಿಚ್ಚಿದ. ಒಳಗೆ ಬೆರಳಗಲದ ತಗಡುಗಳು, ಅವುಗಳ ಮೇಲೆ ಸಣ್ಣ ಸಣ್ಣ ರೀಡು. ಕೆಲವು ಜಾಗದಲ್ಲಿದ್ದವು, ಕೆಲವು ಓರೆಯಾಗಿ ನಿಂತಿದ್ದವು, ಉಳಿದವು ತಳದಲ್ಲಿ ಬಿದ್ದಿದ್ದವು. ಮೇಣ ಕರಗಿ ಹರಿದು, ಆರಿ, ತುಪ್ಪ ಚೆಲ್ಲಿದ ಹಾಗೆ ಮೂಲೆಯಲ್ಲಿ ಹೆಪ್ಪುಗಟ್ಟಿತ್ತು. ಅರ್ಧ ರೀಡುಗಳ ನಾಲಗೆಗೂ ಹತ್ತಿತ್ತು.

“ಮೇಷ್ಟ್ರೆ, ಟ್ಯೂಬಾಗಿದ್ರೆ ಅಂಟಿಸ್ಬೌದಿತ್ತು,” ಎಂದ ಪಂಕ್ಚರಿನವನು ಮೆಲ್ಲಗೆ. “ಇದ್ರ ಹಲ್ಲೆಲ್ಲ ಉದ್ರೋಗವೆ.”

ತಮ್ಮ ಪೆಟ್ಟಿಗೆಯನ್ನು ಮೂಗಿನ ಹತ್ತಿರ ತಂದ. ಹೊಗೆಸೊಪ್ಪಿನ ಸೀಮೆಯಲ್ಲಿ ಎಷ್ಟೋ ನಾಟಕ ಆಡಿಸಿದವನು, ಅವನಿಗೂ ಆ ವಾಸನೆ ಗೊತ್ತು.

“ಇದ್ನ ಬ್ಯಾರನ್‌ಗೆ ಇಟ್ಟೋರ್‍ಯಾರು?”

ಕೇಳಿದ್ದು ಹುಡುಗಿಯನ್ನು. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ನಮ್ಮವ್ವ ಸತ್ತ ಮೇಲೆ ಅವನನ್ನು ಬೆಳೆಸಿದವಳು ನಾನು. ಚಡ್ಡಿ ಹರಿದುಕೊಂಡರೆ, ತಟ್ಟೆ ಒಡೆದರೆ, ಸಾಮಾನು ಕಾಯಕ್ಕೆ ಬರದೋನೆ ಎಂದು ಬೆನ್ನಿಗೆ ಹೊಡೆದವಳು. ಅಕ್ಕ ಒಂದು ಸಾಮಾನು ಕೆಡಿಸುತ್ತಾಳೆ ಎಂಬುದು ಅವನ ತಲೆಗೆ ಬರುವ ಸಂಗತಿಯೇ ಅಲ್ಲ.

ಹುಡುಗಿ ನನ್ನನ್ನು ನೋಡಿದಳು. ಬೇಡುವ ಹಾಗಲ್ಲ. ಬಸ್ಸಿನಲ್ಲಿ ಮುಂದೆ ನಿಂತವರು ಇಳಿಯಲಿ ಎಂದು ಕಾಯುತ್ತೇವಲ್ಲ, ಹಾಗೆ. ಬಾಯಿ ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಾಯಿ ಇತ್ತು. ಮುಚ್ಚಿಕೊಂಡೆ. ಹಾರ್ಮೋನಿಯಂ ಮೇಲಿನ ಟವಲಿನ ಅಂಚು ನೋಡುತ್ತ ಕೂತೆ, ಕೆಂಪು ಗೆರೆ ಎರಡಿದ್ದವು.

“ನಾನೇ ತಾತ,” ಎಂದಳು ಹುಡುಗಿ. “ಒಣಗ್ಲಿ ಅಂತ.”

“ನಾನು ಬ್ಯಾಡ ಅಂತ ಏಳಿರ್ನಿಲ್ವಾ?”

“ಏಳಿದ್ರಿ.”

ತಮ್ಮ ಪೆಟ್ಟಿಗೆಯನ್ನು ಚಾಪೆಯ ಮೇಲೆ ಇಟ್ಟ. “ಬೆರಳು ಎಷ್ಟೇ ಚೆನ್ನಾಗಿರ್ಲಿ ಕಣವ್ವ, ಕಾಯಕ್ಕೆ ಬರದೋರ ಕೈಗೆ ನಾನು ಪೆಟ್ಟಿಗೆ ಕೊಡಲ್ಲ,” ಎಂದ. ನಾನು ಅವನ ಬೆನ್ನಿಗೆ ಹೊಡೆದು ಕಲಿಸಿದ ಮಾತೇ ಅದು.

ಪಂಕ್ಚರಿನವನು ಅಡ್ಡ ಬಂದ. “ಮೇಷ್ಟ್ರೆ, ಮಗು ಕಣ್ರೀ ಅದು. ಆರ್ಮೋನೀಲೇ ನುಡಿಸ್ಲಿ, ನಾನೂ ಅದ್ರಲ್ಲೇ ನುಡಿಸ್ತೀನಿ. ಯಾರದು ಸರಿ ಅಂತ ಕೇಳ್ಬುಡಿ.”

ಹಿರಿಯರಲ್ಲಿ ಒಬ್ಬರು ಎಲೆ ಉಗಿದು ಬಂದು, “ಕಟ್ಟಳೆ ಅಂದ್ರೆ ಕಟ್ಟಳೆ ಕಣಯ್ಯ. ಮೇಷ್ಟ್ರು ಏಳಾಯ್ತಲ್ಲ,” ಎಂದರು. ತಮ್ಮ ಟವಲು ತೆಗೆದು ಹಾರ್ಮೋನಿಯಂ ಅನ್ನು ಪಂಕ್ಚರಿನವನ ಕಡೆಗೆ ತಳ್ಳಿದ. ಅವನು ಕಾಲು ಮುಟ್ಟಿ ತೆಗೆದುಕೊಂಡ. ಕದ್ದ ಸಾಮಾನು ಹೊರುವವನ ಹಾಗೆ ತಲೆ ತಗ್ಗಿಸಿಕೊಂಡಿದ್ದ.

“ನೀನ್ಯಾಕಕ್ಕ ಸುಮ್ನೆ ಕೂತೆ? ಏಳು, ಊಟ ಮಾಡು,” ಎಂದ ನನ್ನ ತಮ್ಮ. ಎದ್ದೆ. ಉಂಡೆ. ಎರಡು ಸಲ ಸಾರು ಹಾಕಿಸಿಕೊಂಡೆ. ಹುಡುಗಿ ಮಜ್ಜಿಗೆ ಮಾತ್ರ ಕುಡಿದಳು.

ವಾಪಸ್ಸು ಬರುವಾಗ ಪೆಟ್ಟಿಗೆ ನಮ್ಮ ಜೊತೆ ಇರಲಿಲ್ಲ, ತಮ್ಮನ ಅಟ್ಟ ಸೇರಿತ್ತು. ಹುಡುಗಿ ದಾರಿಯುದ್ದಕ್ಕೂ ಆಡಿದ ಮಾತು ಒಂದೇ. ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ, “ಅಜ್ಜಿ, ನಮ್ ಬಸ್ ಬಂತು.”

ಇದಾಗಿ ಎರಡು ವರ್ಷವಾಯಿತು. ತಮ್ಮ ಹೋದ ವರ್ಷ ತೀರಿಕೊಂಡ. ತಿಥಿಯ ದಿನ ಪಂಕ್ಚರಿನವನು ಹಾರ್ಮೋನಿಯಂ ತಂದು ನುಡಿಸಿದ. ಚೆನ್ನಾಗಿ ನುಡಿಸಿದ ಎಂದು ಎಲ್ಲರೂ ಅಂದರು. ಈಗ ಅವನನ್ನೂ ಮೇಷ್ಟ್ರು ಅನ್ನುತ್ತಾರೆ. ಕಲಿಯಲು ಬಂದವರನ್ನು ನೇರ ಹಾರ್ಮೋನಿಯಂ ಮುಂದೆಯೇ ಕೂರಿಸುತ್ತಾನಂತೆ, ಬೇರೆ ಪೆಟ್ಟಿಗೆ ಇಲ್ಲವಲ್ಲ. ಹುಡುಗಿ ಈಗ ಹತ್ತನೇ ಕ್ಲಾಸು. ಫೋನಿನಲ್ಲಿ ಅಂಥದ್ದನ್ನು ನೋಡುವುದು ಬಿಟ್ಟಿದ್ದಾಳೆ. ಸೊಪ್ಪು ಕಟ್ಟುವುದರಲ್ಲಿ ನಮ್ಮ ಮನೆಯಲ್ಲಿ ಅವಳಷ್ಟು ಚುರುಕು ಯಾರೂ ಇಲ್ಲ. ನನ್ನ ಜೊತೆ ಚೆನ್ನಾಗಿಯೇ ಇದ್ದಾಳೆ. ಕರೆದರೆ ಬರುತ್ತಾಳೆ, ಕೇಳಿದರೆ ಹೇಳುತ್ತಾಳೆ. ಆ ದಿನದ ಮಾತನ್ನು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ತಮ್ಮ ಇನ್ನೂ ಬದುಕಿದ್ದಾಗ ಹೇಳಲು ಒಂದು ವರ್ಷ ಇತ್ತು. ಆದರೆ ಹೇಳುವುದಾಗಿದ್ದರೆ ಮಾರನೇ ಬೆಳಿಗ್ಗೆಯೇ ಹೇಳಬೇಕಿತ್ತು. ಹೇಳಲು ಹೊರಟಿದ್ದೆ ಕೂಡ.

ಆ ಭಾನುವಾರ ಮನೆಗೆ ಬಂದಾಗ ಮಗ ಏನಾಯಿತು ಎಂದು ಕೇಳಿದ. ಕೊಡಲಿಲ್ಲ ಎಂದೆ. “ಸರಿ ಬುಡು, ಮುಗೀತಲ್ಲ. ನಾಳೆ ಸೊಪ್ಪು ಕೀಳಿಸ್ತಾ ಇವ್ನಿ, ಇವಳು ಸ್ಕೂಲಿಗೆ ಓಗದು ಬ್ಯಾಡ,” ಎಂದ. ಸೋಮವಾರ ಬೆಳಕು ಹರಿಯುವ ಹೊತ್ತಿಗೆ ನಾನು ಮುಖ ತೊಳೆದು, ಒಳ್ಳೆಯ ಸೀರೆ ಉಟ್ಟು, ಯಾರಿಗೂ ಹೇಳದೆ ಬಸ್ಸು ನಿಲ್ಲುವ ಅರಳಿಮರದ ಹತ್ತಿರ ಹೋಗಿ ನಿಂತೆ. ಫೋನಿತ್ತು. ಫೋನಿನಲ್ಲಿ ಹೇಳುವ ಮಾತಲ್ಲ ಎಂದುಕೊಂಡೆ. ಪಂಕ್ಚರಿನವನು ಹಾರ್ಮೋನಿಯಂ ಅನ್ನು ಹ್ಯಾಂಡ್‌ಪೋಸ್ಟಿಗೆ ಒಯ್ಯುವುದು ಬುಧವಾರ ಎಂದಿದ್ದ. ಅಂದರೆ ಅದು ಇನ್ನೂ ಮಿರ್ಲೆಯ ಜಗಲಿಯಲ್ಲೇ ಇತ್ತು. ಇದನ್ನೆಲ್ಲ ಲೆಕ್ಕ ಹಾಕಿಯೇ ಹೊರಟಿದ್ದೆ.

ಬಸ್ಸು ಬರುವಷ್ಟರಲ್ಲಿ ಹೊತ್ತು ಏರಿತ್ತು. ಬಾಗಿಲ ಹತ್ತಿರ ನಿಂತೆ.

“ಹತ್ತವ್ವ, ಹತ್ತು,” ಎಂದ ಕಂಡಕ್ಟರು. “ನೀನ್ ಮುಹೂರ್ತ ನೋಡ್ತಾ ನಿಂತ್ರೆ ನಾನು ಹುಣಸೂರು ಮುಟ್ಟೋದ್ ಯಾವಾಗ?”

ಅಷ್ಟರಲ್ಲಿ ನಮ್ಮ ಹೊಲದ ದಾರಿಯಿಂದ ಟ್ರ್ಯಾಕ್ಟರು ತಿರುಗಿತು. ಹಸಿ ಸೊಪ್ಪು ತುಂಬಿತ್ತು, ಕಿತ್ತ ಹೆಂಗಸರು ಹಿಂದೆ ನಡೆದು ಬರುತ್ತಿದ್ದರು. ಕಿತ್ತ ಸೊಪ್ಪು ಕಾಯುವುದಿಲ್ಲ. ಅವತ್ತೇ ಕಟ್ಟಬೇಕು, ಅವತ್ತೇ ಬ್ಯಾರನ್ ತುಂಬಬೇಕು, ಇಲ್ಲದಿದ್ದರೆ ರಾಶಿಯಲ್ಲೇ ಬೆವೆತು ಕರಿಯಾಗುತ್ತದೆ. ಇದು ನಿಜ. ನಾನೊಬ್ಬಳು ಇಲ್ಲದಿದ್ದರೂ ಅವರು ಕಟ್ಟಿ ಮುಗಿಸುತ್ತಿದ್ದರು ಎಂಬುದೂ ನಿಜ.

“ಓಗಪ್ಪ ನೀನು. ಸೊಪ್ಪು ಕಿತ್ತವ್ರೆ,” ಎಂದೆ. ಬಸ್ಸು ಹೋಯಿತು.

ಮನೆಗೆ ಬಂದು ಒಳ್ಳೆಯ ಸೀರೆ ಬಿಚ್ಚಿಟ್ಟು, ಹಳೆಯದು ಉಟ್ಟುಕೊಂಡು ಚಪ್ಪರದ ಕೆಳಗೆ ಕೂತೆ. ಹುಡುಗಿ ಆಗಲೇ ಅಲ್ಲಿದ್ದಳು, ರಾಶಿಯ ಪಕ್ಕ, ಮೊಣಕಾಲು ಮಡಿಸಿಕೊಂಡು. ಬೆರಳು ಅಂಟಿಗೆ ಕಪ್ಪಾಗತೊಡಗಿದ್ದವು. ನಾನು ಕಡ್ಡಿ ತೆಗೆದುಕೊಂಡು ದಾರ ಕಟ್ಟಿದೆ. ಅವಳು ಮೂರು ಎಲೆ ಜೋಡಿಸಿ ಕೊಟ್ಟಳು, ಈ ಕಡೆ ಹಾಕಿದೆ. ಮೂರು ಕೊಟ್ಟಳು, ಆ ಕಡೆ ಹಾಕಿದೆ. ಕಡ್ಡಿ ಮುಗಿಯುವಲ್ಲಿ ನಾನು ಕೇಳುವ ಮುಂಚೆಯೇ ಎರಡು ಕಟ್ಟು ಒಟ್ಟಿಗೆ ಕೈಗಿಟ್ಟಳು. ಎರಡನ್ನೂ ಒಂದೇ ಕಡೆ ಹಾಕಿ ಬಿಗಿದು, ಕಡ್ಡಿಯನ್ನು ಪಕ್ಕಕ್ಕೆ ಇಟ್ಟು, ಇನ್ನೊಂದು ಕಡ್ಡಿ ತೆಗೆದುಕೊಂಡೆ.